ಕೆರೆದಡದ ಬೆಂಚಿಗೆ ಬಾಡಿಗೆ

ಮನುಕುಲದ ಮುಂದೆ ಆಗಾಗ ಬಂದು ನಿಲ್ಲುವ ಮಹಾಪ್ರಶ್ನೆಗಳಲ್ಲೊಂದು ಆ ಸೋಮವಾರ ವಿಡಿಯೋ ಗೇಮ್ ಕಂಪನಿಯೊಂದರ ಮೀಟಿಂಗ್ ಕೋಣೆಗೆ ಬಂತು: ಬೆಂಚಿನ ಮೇಲೆ ಕೂರುವವರಿಂದ ದುಡ್ಡು ಕೇಳಬೇಕೋ, ಬೇಡವೋ. ಬೆಂಚು ಮರದ್ದೂ ಅಲ್ಲ, ಕಲ್ಲಿನದೂ ಅಲ್ಲ. ಕಂಪನಿಯ ಮೀನು ಹಿಡಿಯುವ ಆಟದಲ್ಲಿ, ಪರದೆಯೊಳಗಿನ ಕೆರೆಯ ದಡದಲ್ಲಿ ಬರೆದಿಟ್ಟದ್ದು.

ಕಂಪನಿಯ ಮುಖ್ಯಸ್ಥರಿಗೆ ನೌಕರರು ಇಟ್ಟಿದ್ದ ಹೆಸರು ‘ಮೀಟರ್’. ಟ್ಯಾಕ್ಸಿ ಮೀಟರಿನ ಹಾಗೆ, ಗಾಡಿ ನಿಂತಾಗಲೂ ಅವರೊಳಗೆ ಲೆಕ್ಕ ಓಡುತ್ತಲೇ ಇರುತ್ತಿತ್ತು. ಅವರು ಆಟ ಆಡಿದವರಲ್ಲ, ಗ್ರಾಫ್ ನೋಡಿದವರು. ಜನ ಮೀನು ಹಿಡಿಯುವುದಕ್ಕಿಂತ ಬೆಂಚಿನ ಮೇಲೆಯೇ ಹೆಚ್ಚು ಹೊತ್ತು ಕಳೆಯುತ್ತಾರೆಂದು ಗ್ರಾಫ್ ಹೇಳಿತು.

“ಇಷ್ಟು ಜನ ಪುಕ್ಕಟೆ ಕೂತಿದ್ದಾರಲ್ರೀ. ಇದು ಆಟವೋ, ಧರ್ಮಛತ್ರವೋ?”

ಬೆಂಚು ಬರೆದ ಚಿತ್ರಗಾರ್ತಿ, “ಸುಮ್ನೆ ಮಾತಾಡ್ಕೊಂಡು ಕೂತಿರ್ತಾರೆ ಸಾರ್, ಪಾಪ,” ಅಂದಳು.

“ಪಾಪಕ್ಕೆಲ್ಲ ನಮ್ಮ ಬಜೆಟ್ಟಲ್ಲಿ ಜಾಗ ಇಲ್ಲಮ್ಮ.”

ಬುಧವಾರದಿಂದ ಬೆಂಚಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಬಿತ್ತು. ಮರುದಿನ ಅಕ್ಕನ ಫೋನು ಬಂತು.

ತಾಯಿ ಹೋದ ಮೇಲೆ ಮೀಟರನ್ನು ಸಾಕಿ ಓದಿಸಿದ ಅಕ್ಕ. ಮೊಣಕಾಲು ಕೈಕೊಟ್ಟಾಗಿನಿಂದ ಮನೆಯ ಹೊಸಿಲು ದಾಟಿದವರಲ್ಲ. ಸಂಜೆಯಾದರೆ ಟ್ಯಾಬ್ಲೆಟ್ ಹಿಡಿದು ಆ ಕೆರೆದಡಕ್ಕೆ ಹೋಗಿ, ದೂರದೂರುಗಳ ಟೀಚರಮ್ಮ, ನರ್ಸಮ್ಮಂದಿರ ಜೊತೆ ಹರಟೆ ಹೊಡೆಯುವುದೇ ಅವರಿಗಿದ್ದ ಒಂದೇ ಓಡಾಟ. ತಮ್ಮನಿಗೆ ಇದು ಗೊತ್ತಿರಲಿಲ್ಲ.

“ಏನೋ, ಕೂತ್ಕೊಳ್ಳೋಕೂ ಕಾಸು ಕೇಳ್ತೀಯಂತೆ? ನಿನ್ನ ಸೊಂಟದ ಮೇಲೆ ಎತ್ಕೊಂಡು ಊರೆಲ್ಲ ತಿರುಗಿದೀನಿ, ನಾನು ಬಾಡಿಗೆ ಕೇಳಿದ್ನಾ?”

“ನಿಂಗೆ ಫ್ರೀ ಮಾಡಿಸ್ತೀನಿ ಬಿಡಕ್ಕ.”

“ನಾನೊಬ್ಳೇ ಕೂತ್ಕೊಂಡು ಮೀನಿನ ಹತ್ರ ಮಾತಾಡ್ಲಾ? ನರ್ಸಮ್ಮನ ಪೆನ್ಶನ್ನು ಔಷಧಿಗೇ ಸಾಲಲ್ಲ. ಅವಳು ಬರದಿದ್ರೆ ನಂಗೆ ಇನ್ಯಾರಿದಾರೆ?”

“ಹಾಗಂತ ಎಲ್ರಿಗೂ ಬಿಟ್ಟಿ ಕೊಡೋಕಾಗುತ್ತಾ? ವ್ಯಾಪಾರ ಅಕ್ಕ ಇದು.”

“ಸರಿನಪ್ಪ. ಮಾಡ್ಕೋ ವ್ಯಾಪಾರ.”

ಅಕ್ಕ ಜಗಳ ಮುಂದುವರಿಸಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲವೆಂದು ತಮ್ಮನಿಗೆ ಹೊಳೆಯಬೇಕಿತ್ತು.

ಮೊದಲು ಬೆಂಚು ಖಾಲಿಯಾಯಿತು. ಆಮೇಲೆ ಆಟದೊಳಗಿನ ಅಂಗಡಿಯಲ್ಲಿ, ಆಡುವವರು ಪರದೆಯ ಮೇಲಿನ ತಮ್ಮ ಗೊಂಬೆಗೆ ಕಾಸು ಕೊಟ್ಟು ತೊಡಿಸುವ ಶಾಲು, ಛತ್ರಿ, ಹೂವಿನ ಟೋಪಿಗಳ ಮಾರಾಟ ಮಕಾಡೆ ಮಲಗಿತು. ಕಂಪನಿಗೆ ಅನ್ನ ಹಾಕುತ್ತಿದ್ದುದೇ ಅವು. ಕಾರಣ ಹುಡುಕಲು ಸಮಿತಿಯೊಂದು ಕೂತಿತು, ಪುಕ್ಕಟೆಯಾಗಿ ಅಲ್ಲ. ಸಮಿತಿ ಏಳುವ ಲಕ್ಷಣ ಕಾಣದೆ ಮೀಟರ್ ಕೊನೆಗೊಂದು ಭಾನುವಾರ ಅಕ್ಕನ ಮನೆಗೇ ಹೋದರು.

“ಅಕ್ಕ, ನೀನೂ ಆ ಶಾಲು ಕೊಳ್ತಿದ್ಯಾ?”

“ಬಣ್ಣಕ್ಕೊಂದು.”

“ಈಗ್ಯಾಕೆ ಬಿಟ್ಟೆ?”

“ಹೊದ್ಕೊಂಡು ಯಾರಿಗೆ ತೋರಿಸ್ಲಿ? ಪಕ್ಕದಲ್ಲಿ ಕೂತವ್ಳು ನೋಡಿ ಹೊಟ್ಟೆ ಉರ್ಕೊಳ್ಲಿ ಅಂತ ತಾನೆ ಕೊಳ್ಳೋದು.”

ಮೀಟರ್ ತುಸು ಹೊತ್ತು ಓಡಲಿಲ್ಲ.

“ನಾಳೆನೇ ಬಾಡಿಗೆ ತೆಗೆಸ್ತೀನಿ. ಎಲ್ರನ್ನೂ ವಾಪಸ್ ಕರ್ಕೊಂಡ್ಬಾ.”

“ತೆಗೆಸು, ಒಳ್ಳೇದು. ನಾವು ಬೇರೆ ಕಂಪನಿ ಆಟಕ್ಕೆ ಹೋದ್ವಲ್ಲ. ಅಲ್ಲಿ ಜಗಲಿ ಇದೆ, ಅಂಗಡೀನೂ ಇದೆ. ನಿನ್ನೆ ಟೀಚರಮ್ಮ ಒಂದು ಕೆಂಪು ಶಾಲು ಹೊದ್ಕೊಂಡು ಬಂದಿದ್ಲು, ನೋಡೋಕಾಗ್ಲಿಲ್ಲ ನಂಗೆ. ಏಳೋ ಇನ್ನ, ಅವರೆಲ್ಲ ಜಗಲಿಗೆ ಬರೋ ಹೊತ್ತಾಯ್ತು.”

ಸೋಮವಾರ ಬಾಡಿಗೆ ತೆಗೆದರು. ಬೆಂಚಿನ ಮೇಲೆ ಯಾರೂ ಬಂದು ಕೂರಲಿಲ್ಲ.