ಕ್ಲೈವ್‌ನ ಮೊಣಕಾಲು

ಕ್ಲೈವ್ ಆರ್ಮರಾಡ್ ಎಂಬ ಗೋಲ್‌ಕೀಪರ್‌ನನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಅವನು ಕೆಸರಿನಲ್ಲಿ ಮುದುಡಿಕೊಂಡು ಬಿದ್ದಿದ್ದಾಗ. ೧೯೭೪ರ ಜನವರಿ, ಫುಟ್‌ಬಾಲ್ ಕಪ್ ಪಂದ್ಯ. ನಾನು ರೇವನ್‌ಶಾ ಟೌನ್ ತಂಡದ ಡಿಫೆಂಡರ್, ನಾರ್ಮನ್ ಹೇಸಲ್‌ಡೆನ್. ಅವನು ಕೆಲ್‌ಬ್ರಿಡ್ಜ್ ರೋವರ್ಸ್ ಎಂಬ, ಎಲ್ಲಕ್ಕಿಂತ ಕೆಳಗಿನ ನಾಲ್ಕನೇ ಡಿವಿಜನ್ನಿನ ಬಡಕಲು ತಂಡದವನು. ಅವರ ಹಳೆಯ ಕೀಪರ್ ಬೆರಳು ಮುರಿದುಕೊಂಡಿದ್ದರಿಂದ ಹದಿನೆಂಟರ ಈ ಹುಡುಗನನ್ನು ನಮ್ಮೆದುರು ನಿಲ್ಲಿಸಿದ್ದರು. ಅದು ಅವನ ಮೊದಲ ಪಂದ್ಯ.

ಮೈದಾನಕ್ಕೆ ಇಳಿಯುವ ಮುಂಚೆ ನಮ್ಮ ಫಾರ್ವರ್ಡ್ ಬ್ಯಾರಿ ಸ್ಟ್ಯಾಗ್ ಬೂಟಿನ ದಾರ ಬಿಗಿಯುತ್ತ, "ಹೊಸ ಮಗು ಅಂತೆ. ಮೊದಲನೇ ಕಾರ್ನರ್‌ನಲ್ಲೇ ಜೋಗುಳ ಹಾಡ್ತೀನಿ, ನೋಡ್ತಿರಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾಲ್ಕನೇ ನಿಮಿಷಕ್ಕೆ ನಮಗೆ ಕಾರ್ನರ್ ಸಿಕ್ಕಿತು, ಮೈದಾನದ ಮೂಲೆಯಿಂದ ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಒದೆಯುವ ಅವಕಾಶ. ಹುಡುಗ ಹೆದರಲಿಲ್ಲ. ಗೋಲು ಬಿಟ್ಟು ಮುಂದೆ ಬಂದ, ಎಲ್ಲರ ತಲೆಗಿಂತ ಮೇಲೆ ಜಿಗಿದು ಎರಡೂ ಕೈಯಲ್ಲಿ ಚೆಂಡು ಹಿಡಿದ. ಬ್ಯಾರಿ ಚೆಂಡಿನ ಕಡೆ ನೋಡಲೂ ಇಲ್ಲ. ನೇರ ಓಡಿ ಬಂದು ಹುಡುಗನ ಪಕ್ಕೆಗೆ ಮೊಣಕೈ ಇಳಿಸಿದ, ಇಬ್ಬರೂ ಕೆಳಗೆ ಬೀಳುವಾಗ ಮಂಡಿಯನ್ನೂ ಊರಿದ. ಹೆಗಲು ಕೊಟ್ಟು ಬಾಗಿಲು ಒಡೆದಾಗ ಬರುವಂಥ ಸದ್ದು. ಚೆಂಡು ಜಾರಿ ನನ್ನ ಕಾಲ ಬಳಿ ಬಂತು. ನಾನು ಅದನ್ನು ಬಲೆಗೆ ಒದ್ದೆ. ಆ ವರ್ಷ ನಾನು ಹೊಡೆದ ಒಂದೇ ಗೋಲು ಅದು. ರೆಫ್ರಿ ಫೌಲ್ ಕೊಡದೆ, ಗೋಲು ಸರಿಯೆಂದು ಮಧ್ಯದ ಗೆರೆಯ ಕಡೆ ಕೈ ತೋರಿಸಿದ.

ಕೆಲ್‌ಬ್ರಿಡ್ಜ್‌ಗೆ ಬೇರೆ ಕೀಪರ್ ಇರಲಿಲ್ಲ. ಉಳಿದ ಎಂಬತ್ತಾರು ನಿಮಿಷ ಕ್ಲೈವ್ ಒಂದು ಕೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಂಡೇ ಆಡಿದ. ಇನ್ನೂ ನಾಲ್ಕು ಗೋಲು ಬಿಟ್ಟುಕೊಟ್ಟ. ಪಂದ್ಯ ಮುಗಿದ ಮೇಲೆ ಸ್ನಾನದ ತೊಟ್ಟಿಯಲ್ಲಿ ಮೂರ್ಛೆ ಹೋದನಂತೆ. ಎರಡು ಪಕ್ಕೆಲುಬು ಮುರಿದಿದ್ದವು, ಎಡಪಕ್ಕೆಯ ಒಳಗಿರುವ ಗುಲ್ಮ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿಕೊಂಡಿತ್ತು. ಆಸ್ಪತ್ರೆಯಲ್ಲಿ ಹೊಟ್ಟೆ ಕುಯ್ದು ಗುಲ್ಮವನ್ನೇ ತೆಗೆದುಹಾಕಿದರು.

ಅಲ್ಲಿಗೆ ಅವನ ಆಟ ಮುಗಿಯಿತು ಅಂದುಕೊಂಡೆವು. ಮುಗಿಯಲಿಲ್ಲ. ಕೆಲ್‌ಬ್ರಿಡ್ಜ್‌ನಲ್ಲಿ ವಾಲ್ಟರ್ ಡಕ್ಸ್‌ಬರಿ ಎಂಬ ಮುದಿ ತರಬೇತುದಾರನಿದ್ದ. ಅವನೂ ಒಂದು ಕಾಲದ ಕೀಪರ್. ಹತ್ತೂ ಬೆರಳು ಹತ್ತು ದಿಕ್ಕಿಗೆ ಸೊಟ್ಟಗಿದ್ದವು. ಛಾವಣಿಯಿಂದ ಮರಳಿನ ಮೂಟೆಗಳನ್ನು ಹಗ್ಗದಲ್ಲಿ ಇಳಿಬಿಟ್ಟು, ಕ್ಲೈವ್ ಚೆಂಡಿಗೆ ಜಿಗಿಯುವ ಹೊತ್ತಿಗೆ ಸರಿಯಾಗಿ ಅವನ ಪಕ್ಕೆಗೆ ಬೀಸುತ್ತಿದ್ದನಂತೆ. "ಏಟು ಬಿದ್ದೇ ಬೀಳುತ್ತೆ ಅಂತ ಮೊದಲೇ ಒಪ್ಕೊಂಡ್ಬಿಡು. ಆಗ ಕಣ್ಣು ಮುಚ್ಚಲ್ಲ" ಅನ್ನುತ್ತಿದ್ದನಂತೆ. ಒಂದು ವರ್ಷ ಹೀಗೆ ಕಳೆಯಿತು. ಆಮೇಲೆ ಕ್ಲೈವ್ ಮತ್ತೆ ತಂಡದ ಕೀಪರ್ ಆದ, ಮೂರನೇ ಡಿವಿಜನ್ನಿಗೆ ಹೋದ, ಅಲ್ಲಿ ಹೆಸರು ಮಾಡಿದ. ೧೯೭೭ರ ಬೇಸಿಗೆಯಲ್ಲಿ ನಮ್ಮ ಮ್ಯಾನೇಜರ್ ಟೆಡ್ ಹ್ಯಾಲಿವೆಲ್ ಅವನನ್ನು ಎರಡನೇ ಡಿವಿಜನ್ನಿನ ನಮ್ಮ ರೇವನ್‌ಶಾಗೇ ಕರೆತಂದ.

ಬ್ಯಾರಿ ಆಗ ನಮ್ಮ ಕ್ಯಾಪ್ಟನ್.

ಮೊದಲ ಬೆಳಿಗ್ಗೆ ಎಲ್ಲರೂ ವ್ಯಾಯಾಮದ ಹಾಲ್‌ನಲ್ಲಿ ಸೇರಿದ್ದೆವು. ಬ್ಯಾರಿ ನಗುತ್ತ ಕೈ ಚಾಚಿಕೊಂಡು ಬಂದ. "ಏನ್ ಮಗು, ಹೊಟ್ಟೆ ಹೇಗಿದೆ?"

ಕ್ಲೈವ್ ಅಂಗಿ ಎತ್ತಿದ. ಎದೆಯ ಕೆಳಗಿನಿಂದ ಹೊಕ್ಕುಳದವರೆಗೆ ಗಾಯದ ಗುರುತು ದಪ್ಪ ಹಗ್ಗದಂತೆ ಇಳಿದಿತ್ತು. "ನೀನೇ ನೋಡಿ ಹೇಳು" ಅಂದ. ಬ್ಯಾರಿ ನೋಡಲು ತಲೆ ಬಗ್ಗಿಸಿದ್ದೇ ತಡ, ಕ್ಲೈವ್ ಅವನ ಮೂಗಿಗೆ ಹಣೆಯಿಂದ ಗುದ್ದಿದ.

ನಾವು ಬಿಡಿಸಲು ಓಡಿದೆವು. ಹ್ಯಾಲಿವೆಲ್ ತಡೆದ. "ಬಿಡ್ರೋ. ಬಾಗಿಲು ಹಾಕಿ. ಹತ್ತು ನಿಮಿಷ ಟೈಮ್ ಕೊಡ್ತೀನಿ. ಮುಖಕ್ಕೆ ಏನ್ ಬೇಕಾದ್ರೂ ಮಾಡ್ಕೊಳ್ಳಿ, ಕೈಕಾಲು ಮಾತ್ರ ಮುಟ್ಟಬೇಡಿ. ಶನಿವಾರ ಪಂದ್ಯ ಇದೆ."

ಅವರು ಹತ್ತು ನಿಮಿಷವೂ ಹೊಡೆದಾಡಿದರು. ಬ್ಯಾರಿಯ ಮೂಗು ಒಂದು ಕಡೆ ವಾಲಿತು, ಕ್ಲೈವ್‌ನ ಕಿವಿ ಅರ್ಧ ಹರಿದು ನೇತಾಡಿತು. ಮರದ ನೆಲದ ಮೇಲೆ ರಕ್ತ ಚೆಲ್ಲಿ ಇಬ್ಬರೂ ಜಾರಿ ಬೀಳುತ್ತಿದ್ದರು. ಬಿದ್ದಲ್ಲೇ ಗುದ್ದಿಕೊಳ್ಳುತ್ತಿದ್ದರು. ಕೊನೆಗೆ ಏಳಲಾರದೆ ಗೋಡೆಗೆ ಒರಗಿ ಅಕ್ಕಪಕ್ಕ ಕುಳಿತರು. ಬ್ಯಾರಿ ಬಾಯಲ್ಲಿದ್ದ ರಕ್ತ ಉಗಿದ.

"ಸರಿ, ಈಗ ಕೇಳು. ನಾನು ಚೆಂಡು ನೋಡಲ್ಲ ಕಣೋ. ಅದನ್ನ ನೀನು ನೋಡ್ತಿರ್ತೀಯ. ನಾನು ನೋಡೋದು ನಿನ್ನ ಕಂಕುಳ ಕೆಳಗೆ. ನೀನು ಕೈ ಎತ್ತಿದ ತಕ್ಷಣ ಅದು ಬೀಗ ಹಾಕದ ಮನೆ. ಕೈ ಎತ್ತಿದಾಗ್ಲೇ ಮೊಣಕಾಲನ್ನೂ ಎತ್ತು. ಬರೋನು ನನ್ನಂಥೋನಾದ್ರೆ, ಅದು ಅವನ ಎದೆಗೇ ಸಿಗ್ಲಿ."

"ಇದನ್ನ ನಂಗ್ಯಾಕೆ ಹೇಳ್ತಿದ್ದೀಯ?"

"ಈಗ ನೀನು ನಮ್ಮ ಗೋಲಲ್ಲಿ ನಿಲ್ತೀಯಲ್ಲೋ, ದಡ್ಡ."

ಅಂದಿನಿಂದ ಪ್ರತಿ ಮಧ್ಯಾಹ್ನ ಅವರಿಬ್ಬರದೇ ಅಭ್ಯಾಸ. ಬ್ಯಾರಿ ಎದೆಗೆ ಹಳೆಯ ಹಾಸಿಗೆ ಕಟ್ಟಿಕೊಂಡು ಓಡಿ ಬರುತ್ತಿದ್ದ, ಕ್ಲೈವ್ ಜಿಗಿದು ಚೆಂಡು ಹಿಡಿಯುತ್ತ ಮೊಣಕಾಲು ನಾಟುತ್ತಿದ್ದ. "ಇನ್ನೂ ಜೋರಾಗಿ! ನಿಮ್ಮಜ್ಜಿ ಇದಕ್ಕಿಂತ ಚೆನ್ನಾಗಿ ಒದೀತಾಳೆ!" ಎಂದು ಬ್ಯಾರಿ ಕಿರುಚುತ್ತಿದ್ದ. ಅವರು ಗೆಳೆಯರಾದರು ಎಂದು ಹೇಳಲಾರೆ. ಒಟ್ಟಿಗೆ ಊಟ ಮಾಡುತ್ತಿದ್ದರು, ಒಟ್ಟಿಗೆ ಇಸ್ಪೀಟು ಆಡುತ್ತಿದ್ದರು. ಆದರೆ ತಂಡದವರೆಲ್ಲ ಒಟ್ಟಿಗೆ ಇಳಿಯುವ ಸ್ನಾನದ ತೊಟ್ಟಿಯಲ್ಲಿ ಕ್ಲೈವ್ ಒಂದು ದಿನವೂ ಬ್ಯಾರಿಗೆ ಬೆನ್ನು ತಿರುಗಿಸಿ ಕುಳಿತಿದ್ದನ್ನು ನಾನು ನೋಡಲಿಲ್ಲ.

ಆ ಎರಡು ವರ್ಷ ಎದುರಾಳಿಗಳು ನಮ್ಮ ಗೋಲಿನ ಹತ್ತಿರ ಬರಲು ಅಂಜಿದರು. ಒಬ್ಬನ ಹೆಗಲ ಮೂಳೆ ಮುರಿಯಿತು. ಇನ್ನೊಬ್ಬನ ಮುಂದಿನ ಹಲ್ಲು ಕ್ಲೈವ್‌ನ ಮಂಡಿಯೊಳಗೆ ಸಿಕ್ಕಿ ಉಳಿದು, ಗಾಯ ಕೀವಾಗಿ ಕ್ಲೈವ್ ಎರಡು ವಾರ ಕುಂಟಿದ. ರೆಫ್ರಿಗಳಿಗೆ ಕಾಣುತ್ತಿದ್ದುದು ಅವನ ಕೈಯಲ್ಲಿದ್ದ ಚೆಂಡು ಮಾತ್ರ. ನಮ್ಮ ಜನ ಗೋಲಿನ ಹಿಂದೆ ನಿಂತು, ಅವನು ಒಬ್ಬನನ್ನು ಕೆಡವಿದಾಗಲೆಲ್ಲ ಎಣಿಸಿ ಕೂಗುತ್ತಿದ್ದರು. ಲಂಡನ್ನಿನ ಒಂದು ಮೊದಲನೇ ಡಿವಿಜನ್ ಕ್ಲಬ್ಬಿನವರು ಅವನನ್ನು ಕೊಳ್ಳುವ ಯೋಚನೆಯಿಂದ ನೋಡಲು ಬರತೊಡಗಿದರು.

೧೯೭೯ರ ಏಪ್ರಿಲ್. ಬೇರೆ ಊರಿನಲ್ಲಿ ಪಂದ್ಯ. ಲಂಡನ್ನಿನವರು ಅಂತಿಮವಾಗಿ ನೋಡಿ ಹೋಗಲು ಬಂದಿದ್ದಾರೆಂದು ನಮಗೆಲ್ಲ ಗೊತ್ತಿತ್ತು. ಬಟ್ಟೆ ಬದಲಿಸುವಾಗ ಬ್ಯಾರಿ ಎಲ್ಲರಿಗೂ ಕೇಳುವಂತೆ ಕ್ಲೈವ್‌ಗೆ ಹೇಳಿದ: "ಲಂಡನ್ ಪೇಪರ್‌ನೋರು ಕೇಳಿದ್ರೆ ಹೇಳಪ್ಪ, ನನ್ನ ಹೊಟ್ಟೆ ಹರಿದೋನೇ ನನ್ನನ್ನ ಬೆಳೆಸ್ದ ಅಂತ. ನಾನಿಲ್ದಿದ್ರೆ ನೀನು ಇನ್ನೂ ಕೆಲ್‌ಬ್ರಿಡ್ಜ್‌ನಲ್ಲಿ ಕೆಸರು ಬಾಚ್ತಿರ್ತಿದ್ದೆ. ಅಲ್ವಾ ಮಗು?"

ಹುಡುಗರು ನಕ್ಕರು. ಕ್ಲೈವ್ ಕೈಗವಸು ಹಾಕಿಕೊಳ್ಳುತ್ತ ಕುಳಿತಿದ್ದ, ಮುಖ ಎತ್ತಲಿಲ್ಲ.

ಅವತ್ತಿನ ಪ್ರೇಕ್ಷಕರು ರಾಕ್ಷಸರು. ಕ್ಲೈವ್‌ನ ಮೇಲೆ ನಾಣ್ಯ, ಬಾಟಲಿ, ಕಲ್ಲು ಎಸೆದರು. ಮೊದಲರ್ಧದಲ್ಲಿ ಗುರಿಗೆ ಎಸೆಯುವ ಚೂಪಾದ ಡಾರ್ಟ್ ಒಂದು ಬಂದು ಅವನ ಹೆಗಲಿಗೆ ನೆಟ್ಟಿತು. ಅವನು ಅದನ್ನು ಕಿತ್ತು ರೆಫ್ರಿಯ ಕೈಗೆ ಕೊಟ್ಟು, ರಕ್ತ ಸೋರುತ್ತಿದ್ದಂತೆಯೇ ಆಟ ಮುಂದುವರಿಸಿದ. ನಾವು ಒಂದು ಗೋಲಿನಿಂದ ಮುಂದಿದ್ದೆವು. ಎಂಬತ್ತನೇ ನಿಮಿಷಕ್ಕೆ ಅವರಿಗೆ ಕಾರ್ನರ್. ಬ್ಯಾರಿಯೂ ಗೋಲು ಕಾಯಲು ಹಿಂದೆ ಬಂದು ಹತ್ತಿರದ ಗೋಲು ಕಂಬದ ಬಳಿ ನಿಂತ.

ಚೆಂಡು ಮೇಲೇರಿತು. "ಕೀಪರ್!" ಎಂದು ಕ್ಲೈವ್ ಕೂಗಿದ. ನನ್ನದು, ನೀವು ಸರಿಯಿರಿ ಎಂದು ಅರ್ಥ. ನಾನು ಸರಿದೆ. ಬ್ಯಾರಿ ಕೂಗು ಬಂದ ಕಡೆ ಮುಖ ತಿರುಗಿಸಿದ. ನಾನು ಎರಡು ಮಾರು ದೂರದಲ್ಲಿದ್ದೆ. ಚೆಂಡು ಮೇಲೆ ಜಿಗಿದ ಕ್ಲೈವ್‌ನ ಕೈ ಸೇರಿತು. ಆಮೇಲೆ ಅವನ ಕಣ್ಣು ಕೆಳಗಿಳಿಯಿತು. ಬ್ಯಾರಿಯ ಮುಖ ನೋಡಿದ. ಆಮೇಲೆ ಮೊಣಕಾಲು ಎದ್ದಿತು.

ನಡೆದದ್ದು ಇದೇ ಕ್ರಮದಲ್ಲಿ. ಮೊಣಕಾಲು ಮೊದಲೇ ಎದ್ದಿದ್ದರೆ ಅದು ಬೇರೆ ಮಾತು.

ಬ್ಯಾರಿಯ ಎಡಗೆನ್ನೆ ಒಳಕ್ಕೆ ಕುಸಿದುಹೋಯಿತು. ಕಣ್ಣಿದ್ದ ಜಾಗದಲ್ಲಿ ರಕ್ತ ತುಂಬಿದ ಒಂದು ಗುಳಿ ಮಾತ್ರ ಕಾಣುತ್ತಿತ್ತು. ಕಾಲುಗಳು ತಾವಾಗಿ ಕೆಸರನ್ನು ಒದೆಯುತ್ತಿದ್ದವು. ಎದುರಾಳಿ ತಂಡದವನೊಬ್ಬ ಅದನ್ನು ನೋಡಿ ಅಲ್ಲೇ ವಾಂತಿ ಮಾಡಿಕೊಂಡ. ಕ್ಲೈವ್ ಚೆಂಡನ್ನು ಎದೆಗವಚಿ ನಿಂತಿದ್ದ. ರೆಫ್ರಿ ಕೇಳಿದರೂ ಕೊಡಲಿಲ್ಲ. ನಾನು ಅವನ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಬ್ಯಾರಿಯನ್ನು ಹೊತ್ತುಕೊಂಡು ಹೋದ ಮೇಲೆ ಆಟ ಮುಂದುವರಿಯಿತು. ನಾವು ಗೆದ್ದೆವು.

ಸೋಮವಾರ ಕ್ಲಬ್ಬಿನ ನಿರ್ದೇಶಕರು ನನ್ನನ್ನು ಕರೆಸಿದರು. "ನೀನೇ ಹತ್ತಿರ ಇದ್ದೋನು. ಏನ್ ನೋಡ್ದೆ?" ಹ್ಯಾಲಿವೆಲ್ ಕಿಟಕಿಯ ಬಳಿ ನಿಂತು ನನ್ನನ್ನೇ ನೋಡುತ್ತಿದ್ದ. ಲಂಡನ್ನಿನ ಮಾತುಕತೆ ಅರ್ಧ ಮುಗಿದಿತ್ತು. "ಆಕಸ್ಮಿಕ ಸರ್" ಅಂದೆ. "ಇಬ್ರೂ ಒಂದೇ ಚೆಂಡಿಗೆ ಹೋದ್ರು." ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ಆ ವಾರವೇ ಕ್ಲೈವ್ ನನ್ನನ್ನು ಜೊತೆ ಮಾಡಿಕೊಂಡು ಆಸ್ಪತ್ರೆಗೆ ಹೋದ. ಬ್ಯಾರಿಯ ಎಡಗಣ್ಣು ತೆಗೆದಿದ್ದರು. ತಲೆಯೆಲ್ಲ ಬ್ಯಾಂಡೇಜು, ದವಡೆಗೆ ತಂತಿ. ಹಲ್ಲು ಕಚ್ಚಿಕೊಂಡೇ ಮಾತಾಡಿದ.

"ಬೇಕಂತ ಮಾಡಿದ್ಯಾ?"

ಕ್ಲೈವ್ "ಗೊತ್ತಿಲ್ಲ" ಅಂದ.

"ಗೊತ್ತಿಲ್ವಾ? ನಿನ್ನ ಪಕ್ಕೆ ಮುರಿದಾಗ ನಂಗೆ ಗೊತ್ತಿತ್ತು ಕಣೋ! ಇವತ್ತು ಕೇಳು, ಹೌದು ಅಂತೀನಿ. ನಿಂಗೆ ಅಷ್ಟೂ ಯೋಗ್ಯತೆ ಇಲ್ವಾ?" ಪಕ್ಕದಲ್ಲಿದ್ದ ಉಕ್ಕಿನ ನೀರಿನ ಜಗ್ಗನ್ನು ಎತ್ತಿ ಬೀಸಿ ಎಸೆದ. ಎಂಥ ಚೆಂಡನ್ನೂ ಹಿಡಿಯುವವನು ಇದಕ್ಕೆ ಕೈ ಎತ್ತಲಿಲ್ಲ. ಜಗ್ಗು ಹುಬ್ಬಿಗೆ ಬಡಿದು ಮೂಳೆ ಕಾಣುವಂತೆ ಸೀಳಿತು. ನರ್ಸ್ ಓಡಿ ಬರುವವರೆಗೂ ಕ್ಲೈವ್ ಕಣ್ಣಿಗಿಳಿಯುವ ರಕ್ತ ಒರೆಸಿಕೊಳ್ಳದೆ ಕುಳಿತೇ ಇದ್ದ.

ಜೂನ್‌ನಲ್ಲಿ ಅವನು ಲಂಡನ್ನಿಗೆ ಹೋದ. ಏಳು ವರ್ಷ ಮೊದಲನೇ ಡಿವಿಜನ್ನಿನಲ್ಲಿ ಆಡಿದ. ಗೋಲಿನ ಗೆರೆಯ ಮೇಲೆ ನಿಂತು ಅವನು ತಡೆದ ಹೊಡೆತಗಳನ್ನು ಈಗಲೂ ಜನ ನೆನೆಯುತ್ತಾರೆ. ಆದರೆ ಕಾರ್ನರ್ ಬಂದರೆ ಗೆರೆ ಬಿಟ್ಟು ಕದಲುತ್ತಿರಲಿಲ್ಲ. ಎದುರಾಳಿಗಳಿಗೆ ಅದು ಬೇಗನೆ ತಿಳಿಯಿತು. ಗೋಲಿನ ಬಾಯಿಗೇ ಬಂದು ಅವನನ್ನು ಕಂಬಕ್ಕೆ ಜಜ್ಜಿದರು. ಮೂಗು ಮೂರು ಸಲ ಮುರಿಯಿತು, ಒಂದು ಸಲ ಮಣಿಕಟ್ಟು. "ಹೊರಗೆ ಬಾರೋ!" ಎಂದು ಅವನ ಮ್ಯಾನೇಜರ್ ಬದಿಯಿಂದ ಅರಚುತ್ತಿದ್ದ. ದೇಶದ ತಂಡಕ್ಕೆ ಅವನ ಹೆಸರು ಎರಡು ಸಲ ಕೇಳಿಬಂತು, ಎರಡು ಸಲವೂ ಅದೇ ಕಾರಣಕ್ಕೆ ಬಿದ್ದುಹೋಯಿತು.

ಅಷ್ಟರಲ್ಲಿ ನಾನು ಆಟ ಬಿಟ್ಟು ರೇವನ್‌ಶಾದಲ್ಲಿ ಬಣ್ಣದ ಅಂಗಡಿ ಇಟ್ಟಿದ್ದೆ. ಒಮ್ಮೆ ಹೆದ್ದಾರಿಯ ಹೋಟೆಲಿನಲ್ಲಿ ಕ್ಲೈವ್ ಸಿಕ್ಕಿದ. ಯಾಕೆ ಹೊರಗೆ ಬರುವುದಿಲ್ಲ ಎಂದು ಕೇಳಿದೆ.

"ಬಂದ್ರೆ ಮೊಣಕಾಲು ತಾನಾಗೇ ಏಳುತ್ತೆ ನಾರ್ಮ್. ಎದುರಿಗೆ ಯಾರಿದ್ರೂ ಸರಿ. ಅದಕ್ಕೇ ನಿಂತಲ್ಲೇ ನಿಲ್ತೀನಿ." ಚಹಾದ ಬಟ್ಟಲು ತಿರುಗಿಸುತ್ತ ಕೇಳಿದ, "ನೀನು ಪಕ್ಕದಲ್ಲೇ ಇದ್ದೆ. ಅವತ್ತು ಏನ್ ನೋಡ್ದೆ?"

"ಕೆಸರು, ಕಾಲು, ಅಷ್ಟೇ. ಏನೂ ಕಾಣಿಸ್ಲಿಲ್ಲ."

೧೯೮೬ರಲ್ಲಿ ಅವನೂ ಆಟ ಬಿಟ್ಟ. ಯುವ ಕೀಪರ್‌ಗಳಿಗೆ ಕಲಿಸುವ ಕೆಲಸಕ್ಕೆ ಒಂದು ಕ್ಲಬ್ ಕರೆದಿತ್ತು. ಒಂದು ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿದ. "ನಾರ್ಮ್, ಬೇರೆಯವರ ಮಕ್ಕಳಿಗೆ ನಾನು ಇದನ್ನ ಕಲಿಸ್ಬೇಕು. ಕೈಮುಗಿದು ಕೇಳ್ತೀನಿ, ನಿಜ ಹೇಳು. ನಾನು ಅವನನ್ನ ನೋಡಿದ್ನಾ?"

ಈ ಸಲ ಸುಳ್ಳು ಹೇಳಲಿಲ್ಲ. "ನೋಡ್ದೆ" ಅಂದೆ. "ನೀನು ಚೆಂಡು ಹಿಡಿದೆ, ಅವನನ್ನ ನೋಡ್ದೆ, ಆಮೇಲೆ ಮೊಣಕಾಲು ಎತ್ತಿದೆ."

"ಥ್ಯಾಂಕ್ಸ್" ಎಂದು ಕ್ಲೈವ್ ಫೋನ್ ಇಟ್ಟುಬಿಟ್ಟ.

ನಾಲ್ಕು ದಿನ ಬಿಟ್ಟು ಬ್ಯಾರಿ ನನ್ನ ಅಂಗಡಿಗೆ ಬಂದ. ಗಾಜಿನ ಕಣ್ಣು, ಕುಸಿದ ಕೆನ್ನೆ, ನರೆತ ಕೂದಲು. ಗಲ್ಲಾದ ಎದುರು ನಿಂತ.

"ಕ್ಲೈವ್ ಬಂದಿದ್ದ. ಬೇಕಂತಲೇ ಮಾಡ್ದೆ ಅಂದ. ನಿನ್ನಿಂದ ಗೊತ್ತಾಯ್ತು ಅಂತಾನೂ ಅಂದ."

"ನೀನು ಅವನಿಗೆ ಏನ್ ಮಾಡ್ದೆ?" ಎಂದು ಕೇಳಿದೆ.

"ಏನ್ ಮಾಡ್ಲಿ? ಟೀ ಕೊಟ್ಟೆ."

ಹಾಗೆಂದವನೇ ಗಲ್ಲಾದ ಮೇಲಿನಿಂದ ನನ್ನ ಕತ್ತಿನ ಪಟ್ಟಿ ಹಿಡಿದೆಳೆದು ಬಾಯಿಗೆ ಗುದ್ದಿದ. ನಾನು ಹಿಂದಿನ ಕಪಾಟಿನ ಮೇಲೆ ಬಿದ್ದೆ. ಡಬ್ಬಗಳು ಉರುಳಿ ಬಿಳಿ ಬಣ್ಣ ನೆಲದ ತುಂಬ ಹರಿಯಿತು. ಅವನು ಒಳಗೆ ಬಂದು ನನ್ನನ್ನೆತ್ತಿ ಮತ್ತೊಮ್ಮೆ ಹೊಡೆದ. ಎರಡು ಹಲ್ಲು ನಾಲಗೆಯ ಮೇಲೆ ಬಿದ್ದವು.

"ಅವನು ಏಳು ವರ್ಷ ಬೇಕಂತ ಮಾಡಿದ್ದೋ ಅಲ್ವೋ ತನಗೇ ಗೊತ್ತಾಗದೆ ಒದ್ದಾಡ್ದ. ನಾನು ಏಳು ವರ್ಷ ಗೋಡೆಗೆ ತಲೆ ಚಚ್ಕೊಂಡೆ, ನಾನೇ ಅಡ್ಡ ಹೋದ್ನೇನೋ ಅಂತ. ನಿಂಗೆ ಮೊದಲ ದಿನದಿಂದ ಗೊತ್ತಿತ್ತು. ಬಾಯಿ ಮುಚ್ಕೊಂಡು ಬಣ್ಣ ಮಾರ್ತಾ ಕೂತಿದ್ದೆ!"

ನಾನು ಕೈ ಎತ್ತಲಿಲ್ಲ. ಅವನು ಇನ್ನೂ ಹೊಡೆಯುತ್ತಿದ್ದನೋ ಏನೋ, ಬೀದಿಯವರು ಬಂದು ಹಿಡಿದುಕೊಂಡರು. ಪೊಲೀಸರು ಕೇಳಿದಾಗ ಏಣಿಯಿಂದ ಬಿದ್ದೆ ಅಂದೆ. ಅದೊಂದು ಸುಳ್ಳಿಗೆ ಮಾತ್ರ ನನಗೆ ನಾಚಿಕೆಯಿಲ್ಲ.

ಕ್ಲೈವ್ ಆ ಕೆಲಸ ಒಪ್ಪಿಕೊಂಡ. ಅವನ ಕೈಕೆಳಗೆ ಕಲಿತ ಮೂವರು ಈಗ ಮೇಲಿನ ಡಿವಿಜನ್ನಿನಲ್ಲಿ ಆಡುತ್ತಿದ್ದಾರೆ, ಮೂವರೂ ಗೆರೆ ಬಿಟ್ಟು ಧೈರ್ಯವಾಗಿ ಹೊರಬರುತ್ತಾರೆ. ಮೊಣಕಾಲನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಏನು ಹೇಳಿಕೊಟ್ಟನೋ ನನಗೆ ತಿಳಿಯದು. ಬ್ಯಾರಿ ವಾರಕ್ಕೊಮ್ಮೆ ಅವನ ಅಭ್ಯಾಸ ನೋಡಲು ಹೋಗುತ್ತಾನೆಂದು ಕೇಳಿದ್ದೇನೆ. ಇಬ್ಬರೂ ನನ್ನ ಅಂಗಡಿಯ ಮುಂದೆಯೇ ಕಾರಿನಲ್ಲಿ ಹಾದು ಹೋಗುತ್ತಾರೆ. ನಿಲ್ಲಿಸುವುದಿಲ್ಲ.