ಹನ್ನೆರಡನೆಯ ಕುರ್ಚಿಯಲ್ಲಿ ತಂಗಿ

ಹದಿನೇಳು ವರ್ಷ ಕಣ್ರೀ, ಒಂದಲ್ಲ ಎರಡಲ್ಲ! ಚರ್ಚಿನ ಬಲಿಪೀಠದ ಬಟ್ಟೆ ಒಗೆದವಳು ಅಕ್ಕ, ಇಸ್ತ್ರಿ ಹಾಕಿದವಳು ಅಕ್ಕ. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಹನ್ನೆರಡು ಜನರನ್ನು ಕೂರಿಸಿ ಫಾದರ್ ಅವರ ಪಾದ ತೊಳೆಯುತ್ತಾರಲ್ಲ, ಆ ಪಾದ ಒರೆಸುವ ಹನ್ನೆರಡು ಟವೆಲ್ಲುಗಳನ್ನು ಒಗೆದು ಬೆಳ್ಳಗೆ ಮಾಡಿ ಕೊಟ್ಟವಳೂ ಅಕ್ಕನೇ. ಅವಳ ಲಾಂಡ್ರಿಯಲ್ಲಿ ಆ ವಾರ ಬೇರೆ ಗಿರಾಕಿಗಳ ಬಟ್ಟೆ ಕಾಯಬೇಕು. ಆದರೆ ಆ ಹನ್ನೆರಡು ಕುರ್ಚಿಗಳಲ್ಲಿ ಒಂದಕ್ಕೂ ಅವಳನ್ನು ಯಾರೂ ಕರೆದಿರಲಿಲ್ಲ. ಈ ಸಲ ತಂಗಿ ರಜೆ ಹಾಕಿ ಊರಿಗೆ ಬಂದು ಮೂರು ದಿನ ಆಗಿತ್ತಷ್ಟೆ, ಪಟ್ಟಿಯಲ್ಲಿ ಅವಳ ಹೆಸರು ಸೇರಿಬಿಟ್ಟಿತು.

"ದೂರದಿಂದ ಬಂದಿದಾಳೆ, ಕೂತ್ಕೊಳ್ಳಲಿ ಬಿಡಮ್ಮ," ಎಂದರು ಫಾದರ್.

ಹತ್ತಿರ ಇದ್ದವರು ಕಣ್ಣಿಗೆ ಕಾಣೋದಿಲ್ವಾ ಎಂದು ಅಕ್ಕ ಕೇಳಲಿಲ್ಲ. ಆ ಸಿಟ್ಟನ್ನೆಲ್ಲ ಇಸ್ತ್ರಿಪೆಟ್ಟಿಗೆಯ ಮೇಲೆ ಹಾಕಿ ಒತ್ತಿದಳು. ಉಪವಾಸ ಕಾಲದ ನಲವತ್ತು ದಿನ ಚಹಾಕ್ಕೆ ಸಕ್ಕರೆ ಬಿಟ್ಟಿದ್ದ ಪುಣ್ಯಾತ್ಗಿತ್ತಿ ಹೊಟ್ಟೆಕಿಚ್ಚನ್ನು ಮಾತ್ರ ಮೂರು ಹೊತ್ತೂ ಉಂಡಳು.

ಎಲ್ಲದರ ಬುಡ ಅಮ್ಮ. ಬಿದ್ದು ಹಾಸಿಗೆ ಹಿಡಿದ ಅಮ್ಮನನ್ನು ಎತ್ತುವುದು, ಮೀಯಿಸುವುದು, ತಲೆ ಬಾಚುವುದು ಎಲ್ಲ ಅಕ್ಕನ ಪಾಲು. ಅಮ್ಮನ ಬಾಯಲ್ಲಿ ಮಾತ್ರ ಸದಾ ಕಿರಿಯವಳೇ. "ದೊಡ್ಡ ಹೋಟೆಲಲ್ಲಿ ಮ್ಯಾನೇಜರ್ ಅವ್ಳು. ಕುರ್ಚಿ ಬಿಟ್ಟು ಏಳೋ ಹಾಗೇ ಇಲ್ಲ. ಬೆಲ್ ಒತ್ತಿದ್ರೆ ನಾಲ್ಕು ಜನ ಓಡಿ ಬರ್ತಾರೆ." ಪಕ್ಕದ ಮನೆಯವಳಿಗೂ ಇದೇ, ಸೂಜಿ ಚುಚ್ಚಲು ಬರುವ ನರ್ಸಿಗೂ ಇದೇ ಪುರಾಣ. ದೊಡ್ಡ ಮಗಳ ವಿಷಯ ಬಂದರೆ, "ಇವ್ಳಾ? ಇವ್ಳು ಇದಾಳೆ," ಎಂದು ಮುಗಿಸುತ್ತಿದ್ದಳು.

ಇದಾಳೆ! ಗೋಡೆ ಇದೆ, ಕಿಟಕಿ ಇದೆ, ಇವಳೂ ಇದಾಳೆ. ಸಾಯುವುದರೊಳಗೆ ಒಂದು ಸಲವಾದರೂ ಅಮ್ಮ "ನನ್ನ ದೊಡ್ಡ ಮಗಳು" ಎಂದು ನಾಲ್ಕು ಜನರ ಮುಂದೆ ಹೇಳಲಿ ಎಂಬುದು ಅಕ್ಕನ ಆಸೆ. ಅದಕ್ಕಿಂತ ಹೆಚ್ಚೇನೂ ಅವಳು ಕೇಳಿದವಳಲ್ಲ.

ಗುರುವಾರ ಸಂಜೆ ನೀರು ಹೊಯ್ಯುವ ಚರ್ಚಿನ ತಾತನಿಗೆ ಕುತ್ತಿಗೆ ಉಳುಕಿತು. ಫಾದರ್ ಹೂಜಿಯನ್ನು ಅಕ್ಕನ ಕೈಗೆ ಕೊಟ್ಟರು. ಕುರ್ಚಿ ಅಂತೂ ಇಲ್ಲ, ತಂಗಿಯ ಕಾಲಿಗೆ ನೀರು ಹೊಯ್ಯುವ ಭಾಗ್ಯ ಬೇರೆ!

"ಇವು ಹಬ್ಬದ ಬಟ್ಟೆ ಕೊಳ್ಳೋಕೆ ಕೊಟ್ಟಿರೋ ದಿನಗಳಲ್ಲ," ಎಂದರು ಫಾದರ್ ಪ್ರವಚನದಲ್ಲಿ. "ಈಸ್ಟರ್ ಭಾನುವಾರದ ಬೆಳಕು ಎಲ್ಲರಿಗೂ ಬೇಕು. ಅದಕ್ಕೆ ಮುಂಚೆ ಇವತ್ತು ಇನ್ನೊಬ್ಬರ ಕಾಲ ಹತ್ರ ಬಗ್ಗಬೇಕು, ನಾಳೆ ಶಿಲುಬೆಯ ನೋವಿನ ಪಕ್ಕ ನಿಲ್ಲಬೇಕು."

ಬಗ್ಗಿ ಬಗ್ಗಿ ನನ್ನ ಬೆನ್ನೇ ಹೋಯ್ತಲ್ಲ ಎಂದುಕೊಂಡಳು ಅಕ್ಕ.

ಪಾದ ತೊಳೆಸಿಕೊಳ್ಳಲು ಬರುವವರೆಲ್ಲ ಮನೆಯಲ್ಲಿ ಉಜ್ಜಿ ಉಜ್ಜಿ ತೊಳೆದುಕೊಂಡೇ ಬಂದಿರುತ್ತಾರೆ. ಬೇಕರಿಯವನಂತೂ ಪೌಡರ್ ಬಳಿದುಕೊಂಡು ಬಂದಿದ್ದ. ನೀರು ಬಿದ್ದದ್ದೇ ಹಿಟ್ಟು ಕಲಸಿದಂತಾಯಿತು. ಹೀಗೆ ಹನ್ನೊಂದು ಮುಗಿದವು. ಹನ್ನೆರಡನೆಯ ಕುರ್ಚಿಯಲ್ಲಿ ತಂಗಿ ಕೂತಿದ್ದಳು. ಹೊಳೆಯುವ ಶೂ, ಒಳಗೆ ದಪ್ಪ ಕಾಲುಚೀಲ. ಎಲ್ಲರೂ ಕಾಯುತ್ತಿದ್ದರೂ ಬಿಚ್ಚಲೋ ಬೇಡವೋ ಎಂಬಂತೆ ತಡಮಾಡಿ, ಕೊನೆಗೆ ಬಿಚ್ಚಿ ಒಂದು ಕಾಲನ್ನು ಮುಂದಿಟ್ಟಳು.

ಫಾದರ್ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಅಕ್ಕ ಕಣ್ಣು ಬಿಟ್ಟೇ ಇದ್ದಳು. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಕೊಳೆತು ಸುಲಿದಿತ್ತು. ಹಿಮ್ಮಡಿಯಲ್ಲಿ ಕೆಂಪಗೆ ಬಿರುಕು. ಬೇರೆ ಯಾರಿಗಾದರೂ ಅದು ಏನೋ ಕಾಯಿಲೆ ಅನಿಸುತ್ತಿತ್ತು. ಅಕ್ಕನಿಗೆ ನೋಡಿದ ಕೂಡಲೇ ಗೊತ್ತಾಯಿತು. ದಿನಕ್ಕೆ ಹತ್ತು ಗಂಟೆ ಸೋಪಿನ ನೀರಲ್ಲಿ ನಿಂತು ಬಟ್ಟೆ ಒಗೆಯುವವರ ಕಾಲು ಅದು. ಲಾಂಡ್ರಿಗೆ ಮಶಿನ್ ಕೊಳ್ಳುವ ಮುಂಚೆ ಅಕ್ಕನ ಕಾಲೂ ಹೀಗೇ ಇತ್ತು. ಮ್ಯಾನೇಜರಂತೆ, ಕುರ್ಚಿಯಂತೆ, ಬೆಲ್ ಅಂತೆ!

ಸುಳ್ಳು ಯಾಕೆ ಹೇಳಬೇಕು, ಅಕ್ಕನಿಗೆ ಮೊದಲು ಬಂದದ್ದು ಖುಷಿ. ಸಿಕ್ಕಿಬಿದ್ಯಲ್ಲೇ! ಇವತ್ತೇ ಅಮ್ಮನಿಗೆ ಹೇಳುತ್ತೇನೆ ಎಂದು ಹೂಜಿಯನ್ನು ಎತ್ತಿ ಬಗ್ಗಿಸಿದಳು.

"ಅಕ್ಕಾ, ಉರಿಯತ್ತೆ," ಎಂದಳು ತಂಗಿ, ಅವಳಿಗೊಬ್ಬಳಿಗೇ ಕೇಳುವಂತೆ. "ಸ್ವಲ್ಪ ಮೆಲ್ಲಗೆ ಹೊಯ್ಯೇ."

ಅಕ್ಕ ಮೆಲ್ಲಗೆ ಹೊಯ್ದಳು. ಟವೆಲನ್ನು ಫಾದರ್ ಕೈಗೆ ಕೊಡದೆ ತಾನೇ ಬಗ್ಗಿ, ಉಜ್ಜದೆ, ಒತ್ತಿ ಒತ್ತಿ ನೀರು ತೆಗೆದಳು.

ಮನೆಗೆ ಬಂದಾಗ ಪಕ್ಕದ ಮನೆಯವಳು ಅಮ್ಮನ ಹಾಸಿಗೆಯ ಹತ್ತಿರವೇ ಇದ್ದಳು. ತಂಗಿ ಬಾಗಿಲಲ್ಲೇ ನಿಂತಳು.

"ಹೇಗೆ ಕಂಡ್ಲೇ ನನ್ನ ಮಗಳು?" ಎಂದಳು ಅಮ್ಮ.

ಮಾತು ಅಕ್ಕನ ನಾಲಿಗೆ ತುದಿಯಲ್ಲೇ ಇತ್ತು. ಕೇಳಲು ಸಾಕ್ಷಿಗೆ ಹೊರಗಿನವರೂ ಇದ್ದರು. ಇಂಥ ಗಳಿಗೆ ಮತ್ತೆಲ್ಲಿ ಸಿಗುತ್ತದೆ? ಅಕ್ಕ ಬಾಗಿಲ ಕಡೆ ನೋಡಿದಳು. ತಂಗಿ ತಲೆ ಎತ್ತಿರಲಿಲ್ಲ.

"ರಾಣಿ ಹಾಗೆ ಕೂತಿದ್ಲು," ಎಂದಳು ಅಕ್ಕ.

"ನಂಗೊತ್ತಿತ್ತು!" ಅಮ್ಮನ ಮುಖ ಅರಳಿತು. "ನೀನೂ ಒಂಚೂರು ಅವಳ ಹಾಗೆ ಆಗಿದ್ದಿದ್ರೆ!"

"ನಾವಿಬ್ರೂ ಒಂದೇ ಥರ ಅಮ್ಮಾ."

ಅಮ್ಮ, ಪಕ್ಕದ ಮನೆಯವಳು ಇಬ್ಬರೂ ನಕ್ಕರು. "ನೋಡಿದ್ರಾ ಇವಳ ಹೊಟ್ಟೆಕಿಚ್ಚು!" ಎಂದಳು ಅಮ್ಮ.

ಅಕ್ಕ ಇಲ್ಲವೆನ್ನಲಿಲ್ಲ. ಬಾಗಿಲಲ್ಲಿ ನಿಂತವಳು ಮಾತ್ರ ಗೋಡೆಯ ಕಡೆ ತಿರುಗಿ ಅಳತೊಡಗಿದ್ದಳು.