ನಾಳೆ ಸಾಹೇಬರಿಗೊಂದು ನಾಯಿ

ದೊರೆಯ ತಲೆಯನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಬಲಗಿವಿ ಒರೆಸಿ ಮುಗಿಸಿದ್ದೆ. ಎಡಗಿವಿಗೆ ಹತ್ತಿ ಇಡುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಆ ನಾಯಿಗೆ ಕಿವಿ ಮುಟ್ಟಿದರೆ ಆಗದು. ಒಮ್ಮೆ ಕೈಬಿಟ್ಟರೆ ಮಂಚದ ಕೆಳಗೆ ಸೇರಿಕೊಂಡು ಸಂಜೆಯವರೆಗೂ ಹೊರಗೆ ಬರುತ್ತಿರಲಿಲ್ಲ. ಹಾಗಾಗಿ ಕೂತಲ್ಲಿಂದಲೇ, ಬಾಗಿಲು ತೆಗೆದಿದೆ, ಒಳಗೆ ಬನ್ನಿ ಎಂದು ಕೂಗಿದೆ.

ನಾಯಿ ನೋಡಲು ಒಬ್ಬರು ಬರುತ್ತಾರೆ ಎಂದು ಆಶ್ರಯದ ಮೇಡಂ ಬೆಳಿಗ್ಗೆಯೇ ಫೋನು ಮಾಡಿದ್ದರು. ಬೀದಿಯಲ್ಲಿ ಸಿಕ್ಕ ನಾಯಿಗಳನ್ನು ಆಶ್ರಯದವರು ನನ್ನಂಥವರ ಮನೆಯಲ್ಲಿ ಬಿಡುತ್ತಾರೆ. ಗಾಯ ಮಾಯುವವರೆಗೆ, ಮನುಷ್ಯರ ಮೇಲೆ ಒಂದಿಷ್ಟು ನಂಬಿಕೆ ಬರುವವರೆಗೆ ನಾವು ಸಾಕಬೇಕು. ಆಮೇಲೆ ಯಾರಾದರೂ ಕೇಳಿಕೊಂಡು ಬಂದರೆ ಕೊಟ್ಟು ಕಳಿಸಬೇಕು. ದೊರೆ ನನ್ನ ಮನೆಗೆ ಬಂದ ಹತ್ತನೆಯ ನಾಯಿ. ಬಂದಾಗ ಮೈಮೇಲೆ ಕೂದಲಿಗಿಂತ ಹುಣ್ಣೇ ಹೆಚ್ಚಿತ್ತು, ಹಿಂಗಾಲೊಂದು ನೆಲಕ್ಕೆ ತಾಗುತ್ತಿರಲಿಲ್ಲ. ಆದರೂ ಕುಂಟುತ್ತಲೇ ಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಇಷ್ಟೇನಾ ಎನ್ನುವಂತೆ ನನ್ನ ಮುಖ ನೋಡಿತ್ತು. ಅದಕ್ಕೇ ದೊರೆ ಎಂದು ಕರೆದೆ.

ಒಳಗೆ ಬಂದ ಮನುಷ್ಯನಿಗೆ ಎಪ್ಪತ್ತು ದಾಟಿತ್ತು. ಒಂದು ಕಾಲನ್ನು ಮಡಚದೆ ಎಳೆದುಕೊಂಡು ಬಂದು ಕುರ್ಚಿಯಲ್ಲಿ ಕೂತ. ಮಂಡಿಯ ಆಪರೇಷನ್ ಆಗಿದೆ, ದಿನಕ್ಕೆ ಎರಡು ಸಲ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ, ಒಬ್ಬನೇ ನಡೆದರೆ ಜನ ಕೆಲಸವಿಲ್ಲದವನು ಅಂದುಕೊಳ್ಳುತ್ತಾರೆ, ನಾಯಿ ಇದ್ದರೆ ಗೌರವ ಎಂದ. ಹೇಳುತ್ತಾ ಹೇಳುತ್ತಾ ಜೇಬಿನಿಂದ ಪೆನ್ನು ತೆಗೆದ. ಕ್ಯಾಪು ಬಿಚ್ಚಿ, ನಿಬ್ಬನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮತ್ತೆ ಮುಚ್ಚಿ, ಜೇಬಿಗೆ ಸಿಕ್ಕಿಸಿಕೊಂಡ.

ಆ ಪೆನ್ನು ಹೊರಗೆ ಬಂದು ಒಂದಕ್ಷರವನ್ನೂ ಬರೆಯದೆ ಜೇಬಿಗೆ ವಾಪಸು ಹೋಗುವುದನ್ನು ನಾನು ಏಳು ತಿಂಗಳು ನೋಡಿದ್ದೆ. ಕೂದಲು ಹೋಗಿತ್ತು, ಗಲ್ಲ ಜೋತುಬಿದ್ದಿತ್ತು, ಆದರೆ ಕೈ ಅದೇ. ಆತನಿಗೆ ನನ್ನ ಗುರುತು ಹತ್ತಲಿಲ್ಲ. ನಾಯಿ ಮುದ್ದಾಗಿದೆ ಕಣಮ್ಮಾ ಎಂದ.

ಮೂವತ್ತನಾಲ್ಕು ವರ್ಷದ ಹಿಂದೆ ಆತ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಗೆ ಮೇಲ್ವಿಚಾರಕ. ನಾನು ಇಸ್ತ್ರಿ ಮೇಜಿನವಳು. ಗಂಡ ಸತ್ತು ವರ್ಷವಾಗಿತ್ತು. ಕೆಲಸದ ಹೆಂಗಸರಿಗೆಂದು ಕೊಟ್ಟಿದ್ದ ಕೋಣೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿರಲಿಲ್ಲ, ಆರು ವರ್ಷದ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟಿದ್ದೆ. ಆಗ ಹುಡುಗಿಯರ ಹಾಸ್ಟೆಲೊಂದರಲ್ಲಿ ಬಟ್ಟೆ ಕೋಣೆ ನೋಡಿಕೊಳ್ಳುವ ಕೆಲಸ ಖಾಲಿಯಾಯಿತು. ಕೆಲಸದ ಜೊತೆಗೆ ಎರಡು ಕೋಣೆಯ ಮನೆ. ಅವರು ಕೇಳಿದ್ದು ಒಂದೇ ಕಾಗದ: ಇಷ್ಟು ವರ್ಷ ಇಸ್ತ್ರಿ ಕೆಲಸ ಮಾಡಿದ್ದಾಳೆ, ನಡತೆ ಚೆನ್ನಾಗಿದೆ ಎಂದು ಮೇಲ್ವಿಚಾರಕರ ಸಹಿ.

ನಾಳೆ ಬಾ ಎಂದ. ನಾಳೆ ಹೋದರೆ ಪೆನ್ನು ತೆಗೆದು ನೋಡಿ, ನಾಳೆ ಬಾ ಎಂದ. ಲಾಂಡ್ರಿಯಲ್ಲಿ ಆತನಿಗೆ ನಾಳೆ ಸಾಹೇಬ ಎಂದೇ ಹೆಸರಿತ್ತು. ಊಟದ ಬಿಡುವಿನಲ್ಲಿ ಹೋಗಿ ಆತನ ಬಾಗಿಲ ಹೊರಗೆ ನಿಲ್ಲುತ್ತಿದ್ದೆ; ಹಸಿವೆಲ್ಲ ಕಾಲಿಗಿಳಿಯುತ್ತಿತ್ತು. ಹಾಸ್ಟೆಲಿನವರು ಏಳು ತಿಂಗಳು ಕಾದರು, ಅದೇ ದೊಡ್ಡದು. ಕೊನೆಯ ತಾರೀಖು ದಾಟಿದ ಮೇಲೆ ಟೈಪು ಮಾಡುವ ಹೆಂಗಸು ನನ್ನನ್ನು ಮೂಲೆಗೆ ಕರೆದು ಹೇಳಿದಳು: ನಿನ್ನ ಕಾಗದ ಮೊದಲ ವಾರವೇ ಟೈಪಾಗಿದೆ, ಅವನ ಮೇಜಿನ ಖಾನೆಯಲ್ಲೇ ಇದೆ.

ಮಗಳು ಹನ್ನೆರಡು ತುಂಬುವವರೆಗೂ ಅಕ್ಕನ ಮನೆಯಲ್ಲೇ ಬೆಳೆದಳು. ಇವತ್ತಿಗೂ ಅಕ್ಕನಿಗೆ ನೀನು ಎನ್ನುತ್ತಾಳೆ, ನನಗೆ ನೀವು. ತುಂಬ ಮರ್ಯಾದೆಯ ಮಗಳು ಎಂದು ನೆರೆಯವರು ಹೊಗಳುತ್ತಾರೆ.

ಆ ಕೆಲಸ ಕೈತಪ್ಪಿದ ವರ್ಷವೇ ರಾತ್ರಿ ಶಾಲೆಗೆ ಸೇರಿದ್ದೆ. ಇನ್ನೊಬ್ಬರ ಪೆನ್ನಿನ ಮುಂದೆ ನಿಲ್ಲುವುದು ಸಾಕಾಗಿತ್ತು.

ಈಗ ಆತನೇ ನನ್ನ ಪತ್ರಕ್ಕಾಗಿ ಬಂದು ಕೂತಿದ್ದ. ಯಾಕೆಂದರೆ ಆಶ್ರಯದಲ್ಲಿ ಒಂದು ಪದ್ಧತಿ ಇದೆ. ಸಾಕಿದವರು ನಾಯಿಯ ಬಗ್ಗೆ ಪತ್ರ ಬರೆಯಬೇಕು: ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಕೇಳಿಕೊಂಡು ಬಂದವರು ಎಂಥವರು, ಅವರಿಗೆ ಕೊಡಬಹುದೇ. ಆ ಪತ್ರ ತಲುಪದೆ ನಾಯಿ ಕದಲುವುದಿಲ್ಲ. ಒಯ್ಯುವ ದಿನ ಆಫೀಸಿನ ಮುಂದಿನ ಕೋಣೆಯಲ್ಲಿ ಮೇಡಂ ಅದನ್ನು ಎಲ್ಲರ ಎದುರು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ಕೈಗೆ ಕೊಟ್ಟರೆ ಯಾರೂ ಓದುವುದಿಲ್ಲ, ಮನೆಗೆ ಹೋಗಿ ಕಪಾಟಿನಲ್ಲಿ ತುರುಕುತ್ತಾರೆ ಎಂಬುದು ಅವರ ಅನುಭವ. ಪೂರ್ತಿ ಕೇಳಿಸಿಕೊಂಡವರಿಗೇ ನಾಯಿಯ ಹಗ್ಗ.

ಹಿಂದಿನ ಒಂಬತ್ತು ನಾಯಿಗಳಿಗೆ ಎರಡು ದಿನದೊಳಗೆ ಬರೆದು ಕಳಿಸಿದ್ದೆ. ಇದಕ್ಕೆ ಮಾತ್ರ, ನೀವು ನಾಯಿಗೆ ಇನ್ನೂ ಒಗ್ಗಬೇಕು, ಮುಂದಿನ ವಾರ ಬನ್ನಿ ಎಂದೆ.

ಬಂದ. ಮತ್ತೆ ಮುಂದಿನ ವಾರ ಬನ್ನಿ ಎಂದೆ. ಮತ್ತೆ ಬಂದ. ಮೂರನೆಯ ಸಲ ಬರುವಷ್ಟರಲ್ಲಿ ಕುರ್ಚಿ ಒಳಗಿಟ್ಟು, ತರಕಾರಿ ಹೆಚ್ಚುವಾಗ ಕೂರುವ ಮೋಟು ಸ್ಟೂಲು ಹಾಕಿದ್ದೆ. ಮಡಚಲಾರದ ಕಾಲನ್ನು ಮುಂದಕ್ಕೆ ಚಾಚಿ, ಗೋಡೆ ಹಿಡಿದು ಕೂತು, ಗೋಡೆ ಹಿಡಿದು ಎದ್ದ. ನಾಲ್ಕನೆಯ ಸಲ ದೊರೆ ಅಂಗಳದಲ್ಲಿ ಮಾಡಿದ್ದನ್ನು ಬಾಚಿ ಎತ್ತಿಸಿದೆ. ಸಾಕುವವರಿಗೆ ಇದೆಲ್ಲ ರೂಢಿಯಾಗಬೇಕು ಎಂದು ತುಂಬ ಮೃದುವಾಗಿ ಹೇಳಿದೆ. ಆತ ಬಗ್ಗಲಾರದೆ ಬಗ್ಗಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ಬಹಳ ವರ್ಷಗಳ ಮೇಲೆ ನಡುವೆ ಎಚ್ಚರವಾಗದೆ ನಿದ್ದೆ ಮಾಡಿದೆ.

ಆಶ್ರಯದ ಮೇಡಂ ಎರಡು ಸಲ ಫೋನು ಮಾಡಿದರು. ಏನಾದರೂ ತೊಂದರೆಯಾ ಎಂದು ಕೇಳಿದರು. ಮಗಳ ಕಿವಿಗೂ ಬಿತ್ತು. ನನ್ನಿಂದ ಕೆಲಸ ಹೊರಡಿಸಬೇಕಾದಾಗ ಮೇಡಂ ಅವಳಿಗೇ ಹೇಳುತ್ತಾರೆ. ಭಾನುವಾರ ಮಗಳು ಫೋನು ಮಾಡಿ, ಆ ಮುದುಕನನ್ನು ಯಾಕೆ ಹೀಗೆ ಓಡಾಡಿಸುತ್ತಿದ್ದೀರಿ, ಮದುವೆ ಮಾತುಕತೆಗೂ ಇಷ್ಟು ಸಲ ಯಾರೂ ಬರುವುದಿಲ್ಲ ಎಂದು ನಕ್ಕಳು. ಆ ಮುದುಕ ಯಾರೆಂದು ಹೇಳಿದೆ. ನಗು ನಿಂತಿತು.

"ನನಗೋಸ್ಕರ ಮಾಡ್ತಾ ಇದ್ರೆ ಬೇಡ," ಎಂದಳು. "ನಾನು ದೊಡ್ಡಮ್ಮನ ಮನೇಲಿ ಚೆನ್ನಾಗೇ ಇದ್ದೆ."

"ಗೊತ್ತು," ಎಂದೆ. "ಅದಕ್ಕೇ ಮಾಡ್ತಾ ಇದೀನಿ."

ಅವಳಿಗೆ ಅರ್ಥವಾಯಿತೋ ಇಲ್ಲವೋ. ಔಷಧಿ ತಗೊಳ್ಳಿ ಎಂದು ಹೇಳಿ ಇಟ್ಟಳು.

ಆರನೆಯ ಸಲ ಬಂದಾಗ ಆತನ ಕೈಗೆ ಬಾಚಣಿಗೆ ಕೊಟ್ಟು ದೊರೆಯ ಬೆನ್ನು ಬಾಚಲು ಹೇಳಿದೆ. ನಾನು ಹತ್ತಿರದಲ್ಲೇ ಕೂತು ಬಟ್ಟೆ ಮಡಚುತ್ತಿದ್ದೆ. ಅಷ್ಟರಲ್ಲಿ ಆತನಿಗೆ ನನ್ನೊಂದಿಗೆ ಸಲಿಗೆ ಬಂದಿತ್ತು. ಮೊದಲು ಎಲ್ಲಿ ಕೆಲಸ ಎಂದು ಕೇಳಿದೆ, ಗೊತ್ತಿಲ್ಲದವಳ ಹಾಗೆ. ಲಾಂಡ್ರಿಯ ಕಥೆ ಶುರುಮಾಡಿದ. ಎಂಬತ್ತು ಜನ ಕೈಕೆಳಗಿದ್ದರಂತೆ, ಎಲ್ಲರಿಗೂ ಆತನ ಭಯವಂತೆ. ರಜೆಗೆ, ಸಾಲಕ್ಕೆ, ವರ್ಗಕ್ಕೆ, ಎಲ್ಲಕ್ಕೂ ಆತನ ಸಹಿಯೇ ಬೇಕಿತ್ತಂತೆ.

"ಕೇಳಿದ ಕೂಡಲೇ ಹಾಕಿಬಿಟ್ಟರೆ ಸಹಿಗೆ ಬೆಲೆ ಇರಲ್ಲಮ್ಮಾ," ಎಂದ. "ಸ್ವಲ್ಪ ಓಡಾಡಿಸಬೇಕು. ಆಗ ನಮ್ಮನ್ನ ನೆನಪಿಟ್ಕೋತಾರೆ."

ಕೈಯಲ್ಲಿದ್ದ ದಿಂಬಿನ ಚೀಲವನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟೆ. "ನೆನಪಿಟ್ಕೊಂಡಿದಾರಾ?"

"ಇಟ್ಕೊಂಡೇ ಇರ್ತಾರೆ. ಅವರೆಲ್ಲ ಯಾರು ಯಾರೋ, ನನಗೆಲ್ಲಿ ನೆನಪಿರುತ್ತೆ."

ಇನ್ನೊಂದು ದಿಂಬಿನ ಚೀಲ ತೆಗೆದುಕೊಂಡೆ. ಆ ಕ್ಷಣದಲ್ಲೇ ನಾನು ಯಾರೆಂದು ಹೇಳಿಬಿಡಬಹುದಿತ್ತು. ಹೇಳಿದರೆ ಏನಾಗುತ್ತಿತ್ತು? ಓಹೋ ನೀನಾ ಎನ್ನುತ್ತಿದ್ದ, ಕಾಲ ಹಾಗಿತ್ತು ಎನ್ನುತ್ತಿದ್ದ, ಒಂದು ಗುಟುಕು ಚಹಾದೊಂದಿಗೆ ನುಂಗಿಬಿಡುತ್ತಿದ್ದ. ನಾನು ಮೂವತ್ತನಾಲ್ಕು ವರ್ಷ ಅಗಿದದ್ದನ್ನು ಆತ ಅಷ್ಟು ಸುಲಭವಾಗಿ ನುಂಗಬಾರದು. ನಾಯಿ ಕೊಡಲೇಬಾರದು ಎಂದು ಆಗ ತೀರ್ಮಾನಿಸಿದೆ.

ತಲೆಯೆತ್ತಿ ನೋಡಿದರೆ ದೊರೆ ಆತನ ತೊಡೆಯ ಮೇಲೆ ತಲೆಯಿಟ್ಟು ಕಣ್ಣುಮುಚ್ಚಿತ್ತು. ಆತ ಬಾಚಣಿಗೆ ಕೆಳಗಿಟ್ಟು, ಕರವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿ, ಅದರ ಕಿವಿ ಒರೆಸುತ್ತಿದ್ದ. ಯಾರೂ ಹೇಳಿರಲಿಲ್ಲ. ಅದೂ ಎಡಗಿವಿ. ಕೊಳೆ ತುಂಬಿದೆ ನೋಡಿ, ಪಾಪ ಎಂದ. ನಾಯಿ ಮಿಸುಕಲಿಲ್ಲ. ನಾಲ್ಕು ತಿಂಗಳು ನಾನು ಮಂಡಿಯಲ್ಲಿ ಸಿಕ್ಕಿಸಿಕೊಂಡು ಒರೆಸಿದ ಕಿವಿ.

ಕೋಪ ಬಂತು, ನಾಯಿಯ ಮೇಲೂ ಬಂತು. ಈ ಮನುಷ್ಯನೇ ಸಿಕ್ಕಿದನಾ ನಿನಗೆ ಎಂದು ಆತ ಹೋದ ಮೇಲೆ ಬೈದೆ. ಅದು ನನ್ನ ಮಾತು ಕಿವಿಗೆ ಹಾಕಿಕೊಳ್ಳದೆ ಬಾಗಿಲ ಸಂದಿಗೆ ಮೂಗಿಟ್ಟು ಮಲಗಿತು. ಅನ್ನದ ಬಟ್ಟಲು ಹಾಗೇ ಇತ್ತು. ಮಾರನೆಯ ದಿನವೂ ಅಷ್ಟೇ, ಬೀದಿಯಲ್ಲಿ ಯಾರಾದರೂ ಕಾಲೆಳೆದು ನಡೆದ ಸದ್ದಾದರೆ ಎದ್ದು ನಿಲ್ಲುವುದು, ಅಲ್ಲವೆಂದು ಗೊತ್ತಾದರೆ ಕೂರುವುದು.

ಸೋಮವಾರ ಮೇಡಂ ಮೂರನೆಯ ಸಲ ಫೋನು ಮಾಡಿದರು. ಈ ಸಲ ದನಿ ಬೇರೆ ಇತ್ತು. ಶುಕ್ರವಾರದೊಳಗೆ ಪತ್ರ ಕೈಸೇರದಿದ್ದರೆ ಆ ಅರ್ಜಿ ತಾನಾಗಿಯೇ ಬಿದ್ದುಹೋಗುತ್ತದೆ, ನಾಯಿಯನ್ನು ಊರಾಚೆಯ ದೊಡ್ಡ ಶೆಡ್ಡಿಗೆ ಕಳಿಸಬೇಕಾಗುತ್ತದೆ, ಕುಂಟುವ ನಾಯಿಯನ್ನು ಕೇಳಿಕೊಂಡು ಇನ್ನೊಬ್ಬರು ಬರುತ್ತಾರೆ ಎಂಬ ಭರವಸೆ ಇಲ್ಲ ಎಂದರು. ಆಗಲಿ ಎಂದೆ.

ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕೂತರೆ ಸಾಕು, ಶುಕ್ರವಾರ ತಾನೇ ದಾಟಿಹೋಗುತ್ತಿತ್ತು. ಆತ ಒಂದು ದಿನ ಬಂದು ಬಾಗಿಲು ತಟ್ಟುತ್ತಾನೆ, ತಾರೀಖು ಮುಗಿಯಿತಲ್ಲಾ ಎಂದು ಹೇಳಿ ನಾನು ಬಾಗಿಲು ಹಾಕಿಕೊಳ್ಳುತ್ತೇನೆ. ಆ ಮಾತನ್ನು ಪಾತ್ರೆ ತೊಳೆಯುತ್ತಾ ನಾಲ್ಕಾರು ಸಲ ಹೇಳಿ ನೋಡಿಕೊಂಡೆ. ರುಚಿಯಾಗಿಯೇ ಇತ್ತು. ಆದರೆ ಪ್ರತಿ ಸಲವೂ ಆ ಬಾಗಿಲ ಹತ್ತಿರ ನಾಯಿ ಇರುತ್ತಿತ್ತು. ಅಕ್ಕನ ಮನೆಯ ಬಾಗಿಲಲ್ಲೂ ಒಬ್ಬಳು ಕೂರುತ್ತಿದ್ದಳಂತೆ, ಮೊದಲ ಒಂದೆರಡು ವರ್ಷ. ಆಮೇಲೆ ಬಿಟ್ಟಳಂತೆ. ಅಕ್ಕನೇ ಹೇಳಿದ್ದು.

ಆತನ ಖಾನೆಯಲ್ಲಿ ಕೊಳೆತದ್ದು ನನ್ನ ಕಾಗದ. ನನ್ನ ಖಾನೆಯಲ್ಲಿ ಕೊಳೆಯುತ್ತಿದ್ದದ್ದು ಆತನದಲ್ಲ, ಈ ಮೂಕಪ್ರಾಣಿಯದು. ಮಾಡಿದವನಿಗೆ ತಟ್ಟದೆ ಪಕ್ಕದವರಿಗೆ ತಟ್ಟಿದರೆ ಅದೆಂಥ ಸೇಡು? ಆತನೂ ಅದನ್ನೇ ಅಲ್ಲವೇ ಮಾಡಿದ್ದು. ಸೇಡು ಬಿಡುವ ಮಾತಿರಲಿಲ್ಲ, ಅದರ ವಿಳಾಸ ಸರಿ ಬರೆಯಬೇಕಿತ್ತು.

ಮಂಗಳವಾರ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಬರೆಯಲು ಶುರುಮಾಡಿದೆ. ಮೊದಲ ಎರಡು ಪುಟ ದೊರೆಯ ವಿಷಯ. ಅನ್ನಕ್ಕೆ ಮೊಟ್ಟೆ ಕಲಸಿದರೆ ಮಾತ್ರ ತಿನ್ನುತ್ತದೆ, ಗುಡುಗಿಗಿಂತ ಪೊರಕೆಗೆ ಹೆಚ್ಚು ಹೆದರುತ್ತದೆ, ಚಳಿಯಲ್ಲಿ ಹಿಂಗಾಲಿಗೆ ಬಿಸಿ ಬಟ್ಟೆ ಬೇಕು, ಎರಡು ಹೊತ್ತೂ ನಿಧಾನ ನಡಿಗೆ ಬೇಕು. ನಂತರ, ಕೇಳಿಕೊಂಡು ಬಂದವರು ಎಂಥವರು ಎಂಬ ಪ್ರಶ್ನೆಗೆ ಬಂದೆ. ಇದ್ದದ್ದನ್ನು ಇದ್ದ ಹಾಗೆ ಬರೆದೆ.

"ಇವರನ್ನು ನಾನು ಬಲ್ಲೆ. ಇಸ್ತ್ರಿ ಮೇಜಿನ ಒಬ್ಬ ಹೆಂಗಸಿನ ಕಾಗದವನ್ನು ಇವರು ಸಹಿ ಹಾಕದೆ ಏಳು ತಿಂಗಳು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದರು. ಅದರಿಂದ ಅವಳ ಮಗು ಆರು ವರ್ಷ ಬೇರೆಯವರ ಮನೆಯಲ್ಲಿ ಬೆಳೆಯಿತು. ಓಡಾಡಿಸಿದರೆ ಜನ ನೆನಪಿಟ್ಟುಕೊಳ್ಳುತ್ತಾರೆ ಎಂದು ಇವರು ನನಗೆ ಹೇಳಿದರು. ನಿಜ. ಆ ಹೆಂಗಸು ನಾನೇ."

ಅದಾದ ಮೇಲೆ ಊಟದ ಬಿಡುವುಗಳ ಬಗ್ಗೆ, ಹಾಸ್ಟೆಲಿನ ಎರಡು ಕೋಣೆಯ ಬಗ್ಗೆ, ಟೈಪು ಮಾಡುವವಳು ಹೇಳಿದ್ದರ ಬಗ್ಗೆ ಒಂದೂವರೆ ಪುಟ ಬರೆದೆ. ಒಂದೂ ಬೈಗುಳ ಬರೆಯಲಿಲ್ಲ. ಬೈದರೆ ಮುದುಕಿಗೆ ತಲೆ ಕೆಟ್ಟಿದೆ ಎಂದು ತಪ್ಪಿಸಿಕೊಳ್ಳುತ್ತಾನೆ. ಇವರನ್ನು ಆರು ಸಲ ಓಡಾಡಿಸಿದ್ದು ಬೇಕೆಂದೇ, ಅದು ನಾಯಿಗೆ ನಾನು ಮಾಡಿದ ತಪ್ಪು ಎಂದೂ ಸೇರಿಸಿದೆ. ಕೊನೆಯ ಪ್ರಶ್ನೆ, ಕೊಡಬಹುದೇ ಎಂಬುದು. "ಈ ನಾಯಿ ಇವರಿಗೆ ಕಿವಿ ಮುಟ್ಟಲು ಬಿಟ್ಟಿದೆ. ನನ್ನ ಅಭಿಪ್ರಾಯಕ್ಕಿಂತ ಅದರದ್ದು ದೊಡ್ಡದು. ಕೊಡಿ," ಎಂದು ಬರೆದು ಸಹಿ ಹಾಕಿದೆ.

ಮೇಡಂ ಪತ್ರ ಓದುವ ಆ ಕೋಣೆಯನ್ನು ನಾನು ನೋಡಿದ್ದೇನೆ. ಹನ್ನೆರಡು ಕುರ್ಚಿ, ನಾಯಿ ಒಯ್ಯುವ ಶನಿವಾರ ಎಲ್ಲವೂ ತುಂಬಿರುತ್ತವೆ. ಮೇಡಂ ದನಿ ದೊಡ್ಡದು, ಒಂದು ಪದವನ್ನೂ ಬಿಡುವವರಲ್ಲ. ಆತ ಎದ್ದು ಹೋಗಬಹುದು, ಹೋದರೆ ನಾಯಿಯಿಲ್ಲ. ಕೂತರೆ ಪೂರ್ತಿ ಕೇಳಬೇಕು. ಕೂರುತ್ತಾನೆ ಎಂದು ನನಗೆ ಗೊತ್ತು. ನಾಯಿ ಆತನ ಬೂಟಿನ ಮೇಲೆ ಗದ್ದವಿಟ್ಟುಕೊಂಡಿರುತ್ತದೆ, ಏಳುವುದು ಹೇಗೆ?

ಬುಧವಾರ ದೊರೆಗೆ ಬಿಸಿನೀರು ಹಾಕಿ, ಮೈ ಒಣಗಿಸಿ, ಅಂಚೆ ಕಚೇರಿಗೆ ಜೊತೆಗೆ ಕರೆದುಕೊಂಡು ಹೊರಟೆ. ಅದನ್ನು ಒಯ್ಯಲು ಆಶ್ರಯದ ಗಾಡಿ ಬರುವುದು ಶನಿವಾರವಾದರೂ ನಮ್ಮಿಬ್ಬರ ದೊಡ್ಡ ನಡಿಗೆ ಅದೇ ಕೊನೆಯದು. ಅಷ್ಟು ದೂರ ಮತ್ತೆ ನಡೆಯಲು ನನ್ನ ಕಾಲೂ ಒಪ್ಪುತ್ತಿರಲಿಲ್ಲ. ದೊರೆ ಎಲ್ಲ ಕಂಬಗಳನ್ನೂ ವಿಚಾರಿಸಿಕೊಂಡು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕಡೆಗಣ್ಣಿನಿಂದ ನೋಡಿಕೊಂಡು ನಡೆಯಿತು. ಅಂಚೆ ಕಚೇರಿಯ ಬಾಗಿಲ ಕಂಬಿಗೆ ಬಗ್ಗಿ ಹಗ್ಗ ಕಟ್ಟುವಾಗ ಅದರ ಕಿವಿಯಲ್ಲಿ ಹೇಳಿದೆ: "ಅವನ ಜೊತೆ ಸುಖವಾಗಿರು. ನಾನು ಅವನನ್ನ ಕ್ಷಮಿಸಿಲ್ಲ, ಅದು ನಿನಗೆ ಸಂಬಂಧಪಟ್ಟದ್ದಲ್ಲ." ಅದು ತಲೆ ಕೊಡವಿ ನನ್ನ ಮಣಿಕಟ್ಟನ್ನು ಒಮ್ಮೆ ನೆಕ್ಕಿತು. ಬಗ್ಗಿದವಳು ಸ್ವಲ್ಪ ಹೊತ್ತು ಏಳಲಿಲ್ಲ.

ಅಂಚೆಯ ಗುಮಾಸ್ತ ಲಕೋಟೆಯನ್ನು ಅಂಗೈಯಲ್ಲಿ ತೂಗಿ, ಇಷ್ಟು ದಪ್ಪಗಿದೆಯಲ್ಲಾ ಒಳಗೇನು ಎಂದು ಕೇಳಿದ. ನಾಯಿಯ ವಿಷಯ ಎಂದೆ. ಒಂದು ನಾಯಿಗೆ ಇಷ್ಟೊಂದಾ ಎಂದ.

"ಮನುಷ್ಯನದೂ ಸ್ವಲ್ಪ ಇದೆ," ಎಂದೆ.

ರಿಜಿಸ್ಟರ್ ಮಾಡಲು ಹೇಳಿದೆ, ಶುಕ್ರವಾರದೊಳಗೆ ತಲುಪಲೇಬೇಕು ಎಂದೆ. ಗುರುವಾರವೇ ತಲುಪುತ್ತದೆ ಎಂದು ಗುಮಾಸ್ತ ಎರಡು ಕಡೆ ಮುದ್ರೆ ಒತ್ತಿ, ರಸೀದಿ ಹರಿದು ಕೊಟ್ಟು, ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದ. ಅದು ಬೇರೆಯವರ ಪತ್ರಗಳ ನಡುವೆ ಜಾರಿ ಒಳಗೆ ಹೋಗುವವರೆಗೂ ಅಲ್ಲೇ ನಿಂತು ನೋಡಿದೆ.